ಮರ ಹಳೆಯದು, ಕುರ್ಚಿ ಹೊಸದು

"ಕೈ ಇಟ್ಟು ನೋಡಿ, ನೂರು ವರ್ಷದ ತೇಗ" ಎಂದು ಹಳೇ ಸಾಮಾನಿನ ಅಂಗಡಿಯವರು ಹೇಳಿದರೆ ಅದು ಅನೇಕ ಸಲ ಸುಳ್ಳಲ್ಲ. ಮರಕ್ಕೆ ನಿಜವಾಗಿಯೂ ಅಷ್ಟು ವಯಸ್ಸಾಗಿರುತ್ತದೆ. ಅದು ಕೆಲ ತಿಂಗಳ ಹಿಂದಿನವರೆಗೂ ಮಲೆನಾಡಿನ ಯಾವುದೋ ತೊಟ್ಟಿಮನೆಯ ಜಂತೆಯಾಗಿತ್ತು, ಇಲ್ಲವೇ ಚೆಟ್ಟಿನಾಡಿನ ಮನೆಯೊಂದರ ಬಾಗಿಲುವಾಡವಾಗಿತ್ತು. ಮನೆ ಕೆಡವಿದರು, ಮರ ಲಾರಿ ಹತ್ತಿತು, ವರ್ಕ್‌ಶಾಪಿನಲ್ಲಿ ಸೀಳಿಸಿಕೊಂಡು ಆರಾಮ ಕುರ್ಚಿಯಾಯಿತು. ಮರದ ವಯಸ್ಸನ್ನು ಕುರ್ಚಿಯ ವಯಸ್ಸೆಂದು ನಂಬಿ ದುಡ್ಡು ಕೊಡುವಲ್ಲಿ ಮೋಸ ಆಗುತ್ತದೆ.

ಇಂಗ್ಲಿಷ್ ಪುಸ್ತಕಗಳಲ್ಲಿ ಹಳೇ ಪೀಠೋಪಕರಣ ಗುರುತಿಸಲು ಬರೆದಿರುವ ಸೂತ್ರಗಳನ್ನು ಹಾಗೇ ನಂಬಿದರೆ ನಮ್ಮಲ್ಲಿ ಎಡವುತ್ತೇವೆ. ಕೈಗರಗಸದ ಗುರುತು ಇದ್ದರೆ ಹಳೆಯದು, ಡ್ರಾಯರಿನ ಮೂಲೆಯ ಡವ್‌ಟೇಲ್ (ಪಾರಿವಾಳದ ಬಾಲದಾಕಾರದ ಹಲ್ಲುಗಳ ಕೂಡಿಕೆ) ಕೈಯಲ್ಲಿ ಕತ್ತರಿಸಿದ್ದರೆ ಹಳೆಯದು ಎನ್ನುತ್ತವೆ ಅವು. ಇಂಗ್ಲೆಂಡಿನಲ್ಲಿ ಯಂತ್ರ ಬಂದ ಮೇಲೆ ಕೈಗೆಲಸ ಬೇಗ ಹಿಂದೆ ಸರಿಯಿತು, ಹಾಗಾಗಿ ಆ ಸೂತ್ರ ಅಲ್ಲಿಗೆ ಸರಿ. ನಮ್ಮಲ್ಲಿ ಉಳಿ, ಕೀಸುಳಿ, ಕೈಗರಗಸ ಹಿಡಿದು ಕೆಲಸ ಮಾಡುವವರು ಈಗಲೂ ಇದ್ದಾರೆ. ಕೈಗೆಲಸ ಎನ್ನುವುದು ನಮ್ಮಲ್ಲಿ ಕಸುಬಿನ ಗುರುತು, ಕಾಲದ ಗುರುತಲ್ಲ. ಹಾಗಾದರೆ ನಂಬಬೇಕಾದ್ದು ಏನನ್ನು? ಬೆಳಕು, ಗಾಳಿ, ನೀರು, ಮನುಷ್ಯರ ಮೈ ಆ ವಸ್ತುವಿನ ಮೇಲೆ ದಶಕಗಟ್ಟಲೆ ಮಾಡಿದ ಕೆಲಸವನ್ನು. ಅದನ್ನು ನಕಲು ಮಾಡಬಹುದು, ಆದರೆ ಸರಿಯಾದ ಜಾಗದಲ್ಲಿ ಸರಿಯಾದ ಪ್ರಮಾಣದಲ್ಲಿ ನಕಲು ಮಾಡುವಷ್ಟು ತಾಳ್ಮೆ ಯಾವ ವರ್ಕ್‌ಶಾಪಿಗೂ ಗಿಟ್ಟುವುದಿಲ್ಲ.

ಉದಾಹರಣೆಗೆ ಒಂದೇ ವಸ್ತುವನ್ನು ಹಿಡಿದು ನೋಡೋಣ: ಕಾಫಿ ತೋಟದ ಬಂಗಲೆಗಳ ಜಗಲಿಯಲ್ಲಿ ಕಾಣುತ್ತಿದ್ದ ಉದ್ದಗೈ ಆರಾಮ ಕುರ್ಚಿ, ಪ್ಲಾಂಟರ್ಸ್ ಚೇರ್. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆ 19ನೇ ಶತಮಾನದಲ್ಲಿ ತೋಟಗಳು ಹಬ್ಬಿದಂತೆ ಇದೂ ಹಬ್ಬಿತು. ಸಿಂಹಳದಲ್ಲೂ ಇದೇ ಮಾದರಿ ಇತ್ತು. ಬೆನ್ನಿನಿಂದ ಸೀಟಿನವರೆಗೆ ಇಳಿಜಾರಾಗಿ ಬೆತ್ತದ ಹೆಣಿಗೆ, ಅಗಲವಾದ ಚಪ್ಪಟೆ ಕೈಗಳು, ಆ ಕೈಗಳ ಕೆಳಗೆ ತಿರುಗುವ ಎರಡು ಹಲಗೆ. ಹಲಗೆಗಳನ್ನು ಮುಂದಕ್ಕೆ ತಿರುಗಿಸಿ ಅದರ ಮೇಲೆ ಕಾಲು ಚಾಚಬಹುದು. ನಕಲು ಹೇರಳವಾಗಿ ತಯಾರಾಗುವ ಮಾದರಿ ಇದು. ನಕಲಿನಲ್ಲಿ ಸಿಕ್ಕಿಬೀಳುವ ಜಾಗಗಳು ಹೆಚ್ಚಿರುವುದೂ ಇದರಲ್ಲೇ.

ಮೊದಲು ಕುರ್ಚಿಯನ್ನು ಬೋರಲು ಹಾಕಿ. ಅಂಗಡಿಯವರು ಬೇಡ ಎಂದರೆ ಅಲ್ಲಿಂದ ಹೊರಡುವುದೇ ಒಳ್ಳೆಯದು. ಮೇಲ್ಭಾಗದಲ್ಲಿ ಕಾಣುವುದೆಲ್ಲ ಪಾಲಿಶ್ ಮಾಡಿದವರ ಕೆಲಸ. ಕುರ್ಚಿಯ ಚರಿತ್ರೆ ಇರುವುದು ಅಡಿಯಲ್ಲಿ. ಹಿಂದಿನ ಬಡಗಿಗಳು ಕಣ್ಣಿಗೆ ಬೀಳದ ಜಾಗಕ್ಕೆ ಪಾಲಿಶ್ ಖರ್ಚು ಮಾಡುತ್ತಿರಲಿಲ್ಲ. ಆ ಮೈ ಒಣಗಿ, ಮಂಕಾಗಿ, ಬೂದುಮಿಶ್ರಿತ ಕಂದು ಬಣ್ಣಕ್ಕೆ ತಿರುಗಿರಬೇಕು. ಅದೂ ಎಲ್ಲ ಕಡೆ ಒಂದೇ ಸಮನಾಗಿ ಅಲ್ಲ. ಗಾಳಿ ಆಡುವ ಕಡೆ ಹೆಚ್ಚು, ಎರಡು ಹಲಗೆ ಒಂದಕ್ಕೊಂದು ತಗಲುವ ಸಂದಿಯಲ್ಲಿ ಕಡಿಮೆ. ಅಡಿಭಾಗವೆಲ್ಲ ಮೇಲ್ಭಾಗದಷ್ಟೇ ಗಾಢವಾಗಿ, ಒಂದೇ ಬಣ್ಣದಲ್ಲಿ ಇದ್ದರೆ ಅದು ಬ್ರಶ್ಶಿನಿಂದ ಬಳಿದ ಬಣ್ಣ. ಬಣ್ಣ ಸೋರಿ ಒಣಗಿದ ಹನಿಯನ್ನು ಒಳಮೂಲೆಗಳಲ್ಲಿ ಹುಡುಕಿ, ಸಿಗುತ್ತದೆ.

ಟಾರ್ಚನ್ನು ನೇರವಾಗಿ ಬಿಡಬೇಡಿ. ಮೈಗೆ ಸಮಾನಾಂತರವಾಗಿ, ಪಕ್ಕದಿಂದ ಹಾಯಿಸಿ. ಕೈ ಕೀಸುಳಿ ಓಡಿದ ಕಡೆ ಉದ್ದುದ್ದಕ್ಕೆ ಸಣ್ಣ ಏರಿಳಿತ ಕಾಣುತ್ತದೆ, ಬೆರಳಿಗೂ ಸಿಗುತ್ತದೆ. ಯಂತ್ರದ ಪ್ಲೇನರ್ ಅಡ್ಡಡ್ಡಕ್ಕೆ, ಸಮಾನ ಅಂತರದಲ್ಲಿ, ಅಲೆಯಂಥ ಗೆರೆ ಬಿಡುತ್ತದೆ. ವೃತ್ತಾಕಾರದ ಗರಗಸ ಕಮಾನಿನಂಥ ಗೆರೆ ಬಿಟ್ಟರೆ, ಬ್ಯಾಂಡ್‌ಸಾ ನೆಟ್ಟಗಿನ, ಲೆಕ್ಕ ಹಾಕಿದಂಥ ಗೆರೆ ಬಿಡುತ್ತದೆ. ಸ್ಯಾಂಡಿಂಗ್ ಮೆಷಿನ್ ಸಣ್ಣ ಸಣ್ಣ ಸುರುಳಿಗಳನ್ನು ಬಿಡುತ್ತದೆ, ಅದರ ಮೇಲೆ ಬಣ್ಣ ಬಿದ್ದಾಗ ಅವು ಇನ್ನೂ ಎದ್ದು ಕಾಣುತ್ತವೆ. ಸುರುಳಿ ಕುರ್ಚಿಯ ಮೇಲ್ಭಾಗದಲ್ಲಿದ್ದರೆ ಹಳೇ ಕುರ್ಚಿಯನ್ನೇ ಯಾರೋ ಉಜ್ಜಿಸಿರಬಹುದು. ಅಡಿಯಲ್ಲೂ ಇದ್ದರೆ? ಯಾರೂ ನೋಡದ ಅಡಿಯನ್ನು ಉಜ್ಜುವ ಅಗತ್ಯ ಬಂದದ್ದು, ಜಂತೆಯಾಗಿದ್ದಾಗಿನ ಸುಣ್ಣ, ಮಸಿ, ಬಣ್ಣವನ್ನು ತೆಗೆಯಬೇಕಾಗಿ ಬಂದಿದ್ದರಿಂದ.

ಮರುಬಳಕೆಯ ಮರ ತನ್ನ ಹಳೇ ಕೆಲಸದ ನೆನಪನ್ನು ಹೊತ್ತೇ ಬರುತ್ತದೆ. ಕುರ್ಚಿಗೆ ಯಾವ ರೀತಿಯಲ್ಲೂ ಬೇಕಿಲ್ಲದ ಜಾಗದಲ್ಲಿ ಚೌಕಾಕಾರದ ಮರದ ತುಂಡು ಕೂರಿಸಿದ್ದರೆ ಅಲ್ಲಿ ಮೊದಲು ಬೇರೊಂದು ಕೂಡಿಕೆಯ ಕಂಡಿ ಇತ್ತು. ಮೊಳೆ ಕಿತ್ತ ತೂತಿಗೆ ಮರದಪುಡಿ ಮತ್ತು ಅಂಟು ಕಲಸಿ ತುಂಬಿರುತ್ತಾರೆ. ಆ ಮಿಶ್ರಣ ಪಾಲಿಶ್ ಹೀರುವ ರೀತಿಯೇ ಬೇರೆ, ಹಾಗಾಗಿ ಮಚ್ಚೆಯಂತೆ ಉಳಿಯುತ್ತದೆ. ಇವೆಲ್ಲಕ್ಕಿಂತ ಸ್ಪಷ್ಟವಾದ ಸಾಕ್ಷಿ ಹುಳುವಿನದು. ಮರ ಕೊರೆಯುವ ಹುಳು ಹೊರಬರುವಾಗ 1ರಿಂದ 2 ಮಿಲಿಮೀಟರಿನ ದುಂಡು ತೂತು ಬಿಡುತ್ತದೆ, ಒಳಗೆ ಸುರಂಗ ಅಡ್ಡಾದಿಡ್ಡಿ ಓಡಿರುತ್ತದೆ. ಕುರ್ಚಿಯ ಮೈಮೇಲೆ ತೂತಿನ ಬದಲು ತೆರೆದ ಕಾಲುವೆಯಂತೆ ಅರ್ಧ ಸೀಳಿದ ಸುರಂಗ ಕಂಡರೆ, ಹುಳು ತಿಂದಾದ ಮೇಲೆ ಮರವನ್ನು ಕೊಯ್ದಿದ್ದಾರೆ ಎಂದೇ ಅರ್ಥ. ಯಾವ ಹುಳುವೂ ಹೊರಮೈಗೆ ಸಮನಾಗಿ ತೆರೆದ ಕಾಲುವೆ ತೋಡಿಕೊಂಡು ಹೋಗುವುದಿಲ್ಲ.

ಇನ್ನೊಂದು: ತೇಗದ ಚೇಗನ್ನು, ಅಂದರೆ ನಡುವಿನ ಗಟ್ಟಿ ಭಾಗವನ್ನು, ಹುಳು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಅದು ತಿನ್ನುವುದು ಚೇಗಿನ ಹೊರಗಿನ ಬಿಳಿ ಭಾಗವನ್ನು. ಗಟ್ಟಿ ಚೇಗಿನ ಮೇಲೆ ಅಲ್ಲಲ್ಲಿ ಅಂದವಾಗಿ ಹರಡಿದ ತೂತುಗಳಿದ್ದರೆ ಒಂದು ತೆಳು ತಂತಿಯನ್ನು ತೂರಿಸಿ ನೋಡಿ. ಹುಳುವಿನ ಸುರಂಗ ಸ್ವಲ್ಪದರಲ್ಲೇ ತಿರುಗುತ್ತದೆ, ತಂತಿ ನಿಲ್ಲುತ್ತದೆ. ಡ್ರಿಲ್ಲಿನ ತೂತು ನೆಟ್ಟಗೆ ಹೋಗುತ್ತದೆ, ಎಲ್ಲದರ ಆಳವೂ ಹೆಚ್ಚುಕಡಿಮೆ ಒಂದೇ ಇರುತ್ತದೆ.

ಸವೆತವನ್ನು ಓದುವುದು ಹೇಗೆ

ಇಲ್ಲಿ ಬೇಕಾದ್ದು ಸಾಮಾನ್ಯ ಜ್ಞಾನ, ಸಲಕರಣೆಯಲ್ಲ. ಕುರ್ಚಿಯಲ್ಲಿ ಕುಳಿತುಕೊಳ್ಳಿ. ನಿಮ್ಮ ಅಂಗೈ ಎಲ್ಲಿ ಬೀಳುತ್ತದೆ, ಎದ್ದೇಳುವಾಗ ಎಲ್ಲಿ ಹಿಡಿಯುತ್ತೀರಿ, ಹಲಗೆ ಚಾಚಿದರೆ ಮೀನಖಂಡ ಎಲ್ಲಿ ತಗಲುತ್ತದೆ ನೋಡಿಕೊಳ್ಳಿ. ಸವೆತ ಆ ಜಾಗಗಳಲ್ಲೇ ಇರಬೇಕು. ಕೈಹಲಗೆಯ ಒಳ ಅಂಚು ಹೊರ ಅಂಚಿಗಿಂತ ಹೆಚ್ಚು ನಯವಾಗಿರಬೇಕು, ಬೆವರು ಮತ್ತು ಎಣ್ಣೆ ಸೇರಿ ಅಲ್ಲಿ ಗಾಢವಾಗಿರಬೇಕು. ಬಲಗೈ ಹಲಗೆಯ ಮೇಲೆ ಲೋಟ ಇಟ್ಟ ಬಿಳಿ ಉಂಗುರಗಳಿದ್ದರೆ ಸಂತೋಷ. ನಕಲು ಮಾಡುವವರು ಎಲ್ಲ ಅಂಚುಗಳನ್ನೂ ಒಂದೇ ಸಮನೆ ಉರುಟು ಮಾಡುತ್ತಾರೆ. ಯಾರ ಕೈಯೂ ತಲುಪದ ಬೆನ್ನಿನ ಹಿಂಭಾಗದ ಅಂಚೂ ಸವೆದಿದ್ದರೆ ಅದು ಸ್ಯಾಂಡ್‌ಪೇಪರಿನ ಸವೆತ.

ತಿರುಗುವ ಹಲಗೆಗಳನ್ನು ಪೂರ್ತಿ ಹೊರಗೆ ತಿರುಗಿಸಿ ಕೈಹಲಗೆಯ ಅಡಿಯನ್ನು ನೋಡಿ. ಸಾವಿರಾರು ಸಲ ತಿರುಗಿದ್ದರೆ ಅಲ್ಲಿ ಕೀಲನ್ನು ಕೇಂದ್ರವಾಗಿಟ್ಟುಕೊಂಡ ಕಮಾನಿನ ಆಕಾರದ ಉಜ್ಜು ಇರುತ್ತದೆ, ಬೆರಳಿಗೆ ತಗ್ಗು ಸಿಗುವಷ್ಟು. ಕೀಲಿನ ತೂತು ಒಂದು ಕಡೆಗೆ ಎಳೆದು ಮೊಟ್ಟೆಯಾಕಾರ ಆಗಿರುತ್ತದೆ, ಯಾಕೆಂದರೆ ಕಾಲಿನ ಭಾರವೆಲ್ಲ ಬೀಳುವುದು ಮುಂದಿನ ತುದಿಯ ಮೇಲೆ. ಆದ್ದರಿಂದ ಹಳೇ ಕುರ್ಚಿಯ ಹಲಗೆ ಹೊರಗೆ ಚಾಚಿದಾಗ ತುಸು ಕೆಳಗೆ ಜೋತುಬೀಳುತ್ತದೆ. ಹಲಗೆ ಬಿಗಿಯಾಗಿ, ಮಟ್ಟಸವಾಗಿ ನಿಂತಿದ್ದು, ಕೈಹಲಗೆಯ ಮೇಲ್ಮೈ ಮಾತ್ರ ಭಯಂಕರ ಹಳೆಯದಾಗಿ ಕಂಡರೆ ಎರಡರಲ್ಲಿ ಒಂದು ಸುಳ್ಳು.

ಕಾಲಿನ ತಳ ನನ್ನ ಮಟ್ಟಿಗೆ ಇಡೀ ಕುರ್ಚಿಯಲ್ಲಿ ಅತ್ಯಂತ ಪ್ರಾಮಾಣಿಕವಾದ ಜಾಗ. ನಮ್ಮ ಮನೆಗಳಲ್ಲಿ ನೆಲವನ್ನು ದಿನಾ ನೀರಿನಲ್ಲಿ ಒರೆಸುತ್ತಾರೆ. ಕಾಲಿನ ತುದಿ ನೀರು ಹೀರಿ, ಒಣಗಿ, ಮತ್ತೆ ಹೀರಿ, ಕೆಳಗಿನ ಒಂದು ಇಂಚು ಕಪ್ಪಾಗಿ, ನಾರು ಬಿರಿದು, ಸಣ್ಣ ಸೀಳುಗಳು ಬಿದ್ದಿರುತ್ತವೆ. ಸೀಳುಗಳ ಒಳಗೆ ರೆಡ್ ಆಕ್ಸೈಡ್ ನೆಲದ ಕೆಂಪು, ಕೆಲವೊಮ್ಮೆ ಸಗಣಿ ನೆಲದ ಮಣ್ಣು ಗಟ್ಟಿಯಾಗಿ ಕೂತಿರುತ್ತದೆ. ಹಿಂಗಾಲುಗಳ ಹಿಂದಿನ ಅಂಚು ಹೆಚ್ಚು ಸವೆದಿರುತ್ತದೆ, ಯಾಕೆಂದರೆ ಇಂಥ ಭಾರದ ಕುರ್ಚಿಯನ್ನು ಮುಂದಿನಿಂದ ಎತ್ತಿ ಹಿಂಗಾಲಿನ ಮೇಲೆ ಎಳೆಯುವುದೇ ರೂಢಿ. ನಾಲ್ಕೂ ಕಾಲಿನ ತಳ ಚೊಕ್ಕವಾಗಿ, ಗರಗಸದ ಗುರುತಿನೊಂದಿಗೆ ಇದ್ದರೆ ಕುರ್ಚಿ ಹೊಸದು, ಇಲ್ಲವೇ ಕೊಳೆತ ಕಾಲನ್ನು ಕತ್ತರಿಸಿದ್ದಾರೆ. ಕತ್ತರಿಸಿದ್ದರೆ ಸೀಟಿನ ಎತ್ತರ ಅಸಹಜವಾಗಿ ಕುಗ್ಗಿರುತ್ತದೆ.

ಬೆತ್ತ

ಬೆತ್ತದ ಹೆಣಿಗೆ ಹೊಸದು ಎಂಬ ಕಾರಣಕ್ಕೆ ಕುರ್ಚಿಯನ್ನು ತಳ್ಳಿಹಾಕಬೇಡಿ. ದಿನಬಳಕೆಯ ಕುರ್ಚಿಗೆ ಹತ್ತಿಪ್ಪತ್ತು ವರ್ಷಕ್ಕೊಮ್ಮೆ ಬೆತ್ತ ಬದಲಿಸಲೇಬೇಕು. ಅಂಧರ ಶಾಲೆಗಳಲ್ಲಿ ಈ ಹೆಣಿಗೆಯನ್ನು ಕಸುಬಾಗಿ ಕಲಿಸುತ್ತಿದ್ದರು. ಬೆರಳಿನ ಲೆಕ್ಕದಲ್ಲೇ ನಡೆಯುವ ಕೆಲಸ ಅದು, ಅವರು ಹೆಣೆದ ಸೀಟಿನ ಬಿಗಿ ಕೈಗೇ ತಿಳಿಯುತ್ತದೆ. ನೋಡಬೇಕಾದ್ದು ಬೆತ್ತವನ್ನಲ್ಲ, ಬೆತ್ತ ಹಾಯುವ ತೂತುಗಳನ್ನು. ಹಳೇ ಕುರ್ಚಿಯಲ್ಲಿ ಚೌಕಟ್ಟಿನ ಸುತ್ತ ಸುಮಾರು ಅರ್ಧ ಇಂಚಿಗೊಂದರಂತೆ, ಕಾಲು ಇಂಚಿನೊಳಗಿನ ಅಗಲದ ತೂತುಗಳು ಕೆಳಗಿನವರೆಗೂ ಹಾಯ್ದಿರುತ್ತವೆ. ಎರಡು ಮೂರು ಸಲ ಹೆಣೆದು ಬಿಚ್ಚಿದ ಚೌಕಟ್ಟಿನಲ್ಲಿ ತೂತಿನ ಬಾಯಿ ಸವೆದು, ಬೆತ್ತ ಎಳೆದ ದಿಕ್ಕಿಗೆ ಸಣ್ಣ ಕೊರೆತ ಬಿದ್ದಿರುತ್ತದೆ. ಅಲ್ಲೊಂದು ಇಲ್ಲೊಂದು ತೂತಿನಲ್ಲಿ ಹಳೇ ಬೆತ್ತದ ಮುರಿದ ಬೆಣೆ ಸಿಕ್ಕಿಕೊಂಡೇ ಇರುತ್ತದೆ. ತೂತಿನ ಅಂಚು ಚೂಪಾಗಿ, ಒಳಮೈ ತಿಳಿಬಣ್ಣದಲ್ಲಿದ್ದರೆ ಹೊಸದು.

ತೂತೇ ಇಲ್ಲದೆ ಸುತ್ತಲೂ ಒಂದು ತೋಡು ಕೊರೆದು, ಮೊದಲೇ ಹೆಣೆದ ಬೆತ್ತದ ಹಾಳೆಯನ್ನು ಅದರೊಳಗೆ ಒತ್ತಿ, ಮೇಲೆ ಬೆತ್ತದ ಪಟ್ಟಿ ಬಡಿದಿದ್ದರೆ ಅದು ಅಗ್ಗದ ನಕಲಿನ ಸಾಮಾನ್ಯ ವಿಧಾನ. ಹಾಗೆಂದು ಅದೊಂದರಿಂದಲೇ ತೀರ್ಮಾನಕ್ಕೆ ಬರಬೇಡಿ, ಯಂತ್ರದ ಬೆತ್ತದ ಹಾಳೆ 19ನೇ ಶತಮಾನದ ಕೊನೆಯಲ್ಲೇ ಬಳಕೆಗೆ ಬಂದಿತ್ತು. ಪ್ಲಾಸ್ಟಿಕ್ ವೈರಿನ ಹೆಣಿಗೆ ಇದ್ದರೆ ಬಿಚ್ಚಿಸಿ ತೂತು ನೋಡುವ ಹಕ್ಕು ಕೇಳಿ.

ಬೆತ್ತ ಮತ್ತೆ ಹೆಣೆಸುವಾಗ ಆಗುವ ತಪ್ಪೊಂದನ್ನು ಇಲ್ಲೇ ಹೇಳಬೇಕು. ಬೆತ್ತದ ಎಳೆಯನ್ನು 20ರಿಂದ 30 ನಿಮಿಷ ನೀರಿನಲ್ಲಿ ನೆನೆಸಿ ಹೆಣೆಯಬೇಕು. ಒಣಗಿದಾಗ ಅದು ಬಿಗಿಯುತ್ತದೆ. ಇಡೀ ದಿನ ನೆನೆಹಾಕಿದರೆ ಬಣ್ಣ ಕೆಡುತ್ತದೆ, ಬಲ ಕುಂದುತ್ತದೆ. ನೆನೆಸದೆ ಹೆಣೆದರೆ ಮಡಿಕೆಯಲ್ಲಿ ಸೀಳುತ್ತದೆ. ಹೆಣಿಗೆಗೆ ವಾರ್ನಿಶ್ ಬಳಿದರೆ ಅದು ಮುಂದೆ ತೇವ ಹೀರಲಾರದೆ ಬಿರುಸಾಗಿ ಮುರಿಯುತ್ತದೆ. ತಿಂಗಳಿಗೊಮ್ಮೆ ಅಡಿಯಿಂದ ಒದ್ದೆಬಟ್ಟೆಯಲ್ಲಿ ಒರೆಸಿದರೆ ಸಾಕು.

ಸ್ಕ್ರೂ, ಅಂಟು, ಪಾಲಿಶ್

ಸ್ಕ್ರೂವಿನಿಂದ ತಾರೀಖು ಹೇಳುವ ಅಭ್ಯಾಸ ಎಲ್ಲರಿಗೂ ಇಷ್ಟ. ಮೊನೆಯಿಲ್ಲದ, ತಲೆಯ ಸೀಳು ಪಕ್ಕಕ್ಕೆ ಸರಿದ ಸ್ಕ್ರೂ ಸಿಕ್ಕರೆ ಅದು ಸುಮಾರು 1850ಕ್ಕೆ ಮುಂಚಿನದು. ಮೊನಚಾದ ಯಂತ್ರದ ಸ್ಕ್ರೂ ಅಲ್ಲಿಂದಾಚೆಗೆ. ತಲೆಯ ಮೇಲೆ ಕೂಡಿಸುವ ಚಿಹ್ನೆಯಿರುವ ಫಿಲಿಪ್ಸ್ ಸ್ಕ್ರೂ 1930ರ ದಶಕದಲ್ಲಿ ಅಮೆರಿಕದಲ್ಲಿ ಬಂದದ್ದು, ನಮ್ಮ ಬಡಗಿಗಳ ಡಬ್ಬಿಗೆ ಬಂದದ್ದು ಇನ್ನೂ ಬಹಳ ತಡವಾಗಿ. ಹಾಗಾಗಿ ಒಂದೇ ಸೀಳಿನ ಸ್ಕ್ರೂ ಇದೆ ಎಂಬುದು ಏನನ್ನೂ ಸಾಬೀತು ಮಾಡುವುದಿಲ್ಲ, ಈಗಲೂ ಅಂಗಡಿಯಲ್ಲಿ ಸಿಗುತ್ತದೆ. ಫಿಲಿಪ್ಸ್ ಇದ್ದರೆ ಬಿಚ್ಚಿ ನೋಡಿ. ಅದರ ತೂತಿನಲ್ಲಿ ಹಳೇ ಸ್ಕ್ರೂವಿನ ದೊಡ್ಡ ಗುರುತಿದ್ದರೆ ಅದು ರಿಪೇರಿ. ತಾಜಾ ಮರಕ್ಕೇ ಫಿಲಿಪ್ಸ್ ಇಳಿದಿದ್ದರೆ ಕುರ್ಚಿಯ ಜಾತಕ ಸಿಕ್ಕಿತು. ಹಿತ್ತಾಳೆ ತಿರುಗುಕೀಲು ಅಥವಾ ಬೀಗದ ಪಟ್ಟಿಗೆ ಅಯಸ್ಕಾಂತ ಹಿಡಿಯಿರಿ. ಅಂಟಿಕೊಂಡರೆ ಅದು ಲೇಪ ಹಾಕಿದ ಕಬ್ಬಿಣ.

ಅಂಟಿನ ವಿಷಯವೂ ಹೀಗೇ. ಹಳೆಯದು ಮೂಳೆ-ಚರ್ಮದಿಂದ ಕಾಯಿಸಿದ ವಜ್ರದ ಅಂಟು, ಗಾಜಿನಂತೆ ಬಿರುಕುಬಿಟ್ಟು ಕಂದಾಗಿರುತ್ತದೆ, ಬಿಸಿನೀರು ತಗಲಿದರೆ ಮೆತ್ತಗಾಗುತ್ತದೆ. ಫೆವಿಕಾಲ್ ಬಂದದ್ದು 1959ರಲ್ಲಿ. ಕೂಡಿಕೆಯ ಒಳಗೆ, ಹೊರಗಿನ ತೇಪೆಯಲ್ಲಲ್ಲ, ಮೆತ್ತನೆಯ ಬಿಳಿ ಅಂಟಿನ ಪೊರೆ ಕಂಡರೆ ಅದಕ್ಕೆ ಮುಂಚಿನದು ಎಂಬ ಮಾತು ಬಿದ್ದುಹೋಗುತ್ತದೆ, ಅಥವಾ ಕುರ್ಚಿಯನ್ನು ಪೂರ್ತಿ ಬಿಚ್ಚಿ ಜೋಡಿಸಿದ್ದಾರೆ. ಒಳ್ಳೆಯ ಹಳೇ ಕುರ್ಚಿಯಲ್ಲಿ ಅಂಟಿಗಿಂತ ಹೆಚ್ಚಾಗಿ ಬಿದಿರು ಅಥವಾ ಮರದ ಆಣಿಯೇ ಕೂಡಿಕೆಯನ್ನು ಹಿಡಿದಿರುತ್ತದೆ. ಸುತ್ತಲಿನ ಮರ ಕುಗ್ಗಿ ಆ ಆಣಿಯ ತಲೆ ಕೂದಲೆಳೆಯಷ್ಟು ಮೇಲೆದ್ದಿರುತ್ತದೆ, ಕಣ್ಣು ಮುಚ್ಚಿ ಸವರಿದರೆ ಸಿಗುತ್ತದೆ.

ಕುಗ್ಗುವ ಮಾತು ಬಂದದ್ದರಿಂದ: ಮರ ಉದ್ದಕ್ಕೆ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ, ಅಡ್ಡಕ್ಕೆ ಕುಗ್ಗುತ್ತದೆ. ಅದರಲ್ಲೂ ವರ್ಷಬಳೆಯ ದಿಕ್ಕಿನಲ್ಲಿ ಹೆಚ್ಚು, ತಿರುಳಿನಿಂದ ಹೊರಕ್ಕೆ ಕಡಿಮೆ. ಹಾಗಾಗಿ ಚರಕಿಯಲ್ಲಿ (ಲೇತ್) ತಿರುಗಿಸಿ ದುಂಡಗೆ ಕಡೆದ ಕಾಲು ಕಾಲಕ್ರಮದಲ್ಲಿ ದುಂಡಾಗಿ ಉಳಿಯುವುದಿಲ್ಲ. ತೇಗ ಕಡಿಮೆ ಕುಗ್ಗುವ ಮರವಾದ್ದರಿಂದ 50 ಮಿಲಿಮೀಟರ್ ದಪ್ಪದ ಕಾಲಿನಲ್ಲಿ ನಿಮಗೆ ಸಿಗುವ ವ್ಯತ್ಯಾಸ 0.3ರಿಂದ 0.5 ಮಿಲಿಮೀಟರ್ ಅಷ್ಟೇ. ವರ್ನಿಯರ್ ಕ್ಯಾಲಿಪರ್ ಬೇಕು. 60 ಸೆಂಟಿಮೀಟರಿನ ದುಂಡು ಟೀಪಾಯಿಯಲ್ಲಿ ಎಳೆಯ ಉದ್ದಕ್ಕೂ ಅಡ್ಡಕ್ಕೂ ಅಳೆದರೆ ಕೆಲವು ಮಿಲಿಮೀಟರ್ ವ್ಯತ್ಯಾಸ ಟೇಪಿನಲ್ಲೇ ಕಾಣುತ್ತದೆ. ಆದರೆ ಇದನ್ನು ಅಂತಿಮ ತೀರ್ಪು ಮಾಡಿಕೊಳ್ಳಬೇಡಿ. ಹಸಿ ಮರದಲ್ಲಿ ಅವಸರಕ್ಕೆ ಮಾಡಿದ ಹೊಸ ಕಾಲೂ ಆರು ತಿಂಗಳಲ್ಲಿ ಹೀಗೇ ಆಗುತ್ತದೆ. ವ್ಯತ್ಯಾಸ ಇಲ್ಲದಿರುವುದು ಅನುಮಾನಕ್ಕೆ ಕಾರಣ, ಇರುವುದು ಪುರಾವೆಯಲ್ಲ.

ಪಾಲಿಶಿಗೆ ಸ್ಪಿರಿಟ್ ಪರೀಕ್ಷೆ ಸುಲಭ. ಕಾಣದ ಜಾಗದಲ್ಲಿ ಹತ್ತಿಗೆ ಒಂದು ಹನಿ ಪಾಲಿಶ್ ಸ್ಪಿರಿಟ್ ಹಾಕಿ ಅರ್ಧ ನಿಮಿಷ ಒತ್ತಿ. ಅರಗಿನ ಫ್ರೆಂಚ್ ಪಾಲಿಶ್ ಆದರೆ ಅಂಟಂಟಾಗುತ್ತದೆ. ಈಗಿನ ಮೆಲಮೈನ್, ಪಿಯು (ಪಾಲಿಯುರೆಥೇನ್) ಪಾಲಿಶ್‌ಗಳು ಜಗ್ಗುವುದಿಲ್ಲ. ಕತ್ತಲಲ್ಲಿ ಅಲ್ಟ್ರಾವಯಲೆಟ್ ಟಾರ್ಚ್ ಬಿಟ್ಟರೆ ಅರಗು ಕಿತ್ತಳೆ ಬಣ್ಣಕ್ಕೆ ಹೊಳೆಯುತ್ತದೆ. ಇಡೀ ಕುರ್ಚಿ ಕಿತ್ತಳೆಯಾಗಿ ಒಂದು ಕಾಲು ಮಾತ್ರ ಬೇರೆ ಬಣ್ಣಕ್ಕೆ ನಿಂತರೆ ಆ ಕಾಲನ್ನು ನಂತರ ಜೋಡಿಸಿದ್ದಾರೆ.

ಈ ಸ್ಪಿರಿಟ್ ಪರೀಕ್ಷೆ ಬೀಟೆಮರದಲ್ಲಿ ಅನೇಕರನ್ನು ದಾರಿತಪ್ಪಿಸಿದೆ. ಹತ್ತಿ ನೇರಳೆ ಬಣ್ಣಕ್ಕೆ ತಿರುಗಿದ ಕೂಡಲೇ "ಬಣ್ಣ ಹೊಡೆದಿದ್ದಾರೆ" ಎಂದುಬಿಡುತ್ತಾರೆ. ಅಪ್ಪಟ ಬೀಟೆಯ ಸ್ವಂತ ಬಣ್ಣವೇ ಸ್ಪಿರಿಟ್ಟಿನಲ್ಲಿ ಕರಗಿ ನೇರಳೆಯಾಗಿ ಬರುತ್ತದೆ. ತೇಗಕ್ಕೋ ಅಕೇಶಿಯಾಕ್ಕೋ ಹೊಡೆದ ರೋಸ್‌ವುಡ್ ಬಣ್ಣ ಸಾಮಾನ್ಯವಾಗಿ ಕೆಂಪು-ಕಂದಾಗಿ ಬರುತ್ತದೆ, ಅದರ ಕೆಳಗೆ ಬಿಳಿಚಿದ ಮರ ಇಣುಕುತ್ತದೆ. ಬೀಟೆಯ ವಯಸ್ಸು ತಿಳಿಯಲು ಇನ್ನೂ ಒಳ್ಳೆಯ ದಾರಿಯಿದೆ. ಬೆಳಕಿಗೆ ಬೀಟೆಯ ನೇರಳೆ ಮಾಸಿ ಕಂದು, ಹೊಂಬಣ್ಣಕ್ಕೆ ತಿರುಗುತ್ತದೆ. ಬೀಗದ ಪಟ್ಟಿಯನ್ನೋ ತಿರುಗುಕೀಲನ್ನೋ ಬಿಚ್ಚಿದರೆ ಅದರ ಕೆಳಗೆ ನೇರಳೆ ಹಾಗೇ ಉಳಿದಿರಬೇಕು, ಅಂಚು ಗೆರೆ ಎಳೆದಂತೆ ಕಾಣಬೇಕು. ಮಲೆನಾಡು ಕರಾವಳಿಯಲ್ಲಿ ಹಲಸಿನ ಕುರ್ಚಿಗಳೂ ಉಂಟು: ಹೊರಗೆ ಕಂದು, ಕೀಲಿನ ಕೆಳಗೆ ಅರಿಸಿನದ ಹಳದಿ. ಪಟ್ಟಿಯ ಕೆಳಗೂ ಹೊರಗೂ ಒಂದೇ ಬಣ್ಣವಿದ್ದರೆ ಬೆಳಕು ಇನ್ನೂ ತನ್ನ ಕೆಲಸ ಶುರುಮಾಡಿಲ್ಲ.

ತೇಗದಲ್ಲಿ ಕತ್ತರಿಸಿದ ತುದಿಯ ಬಳೆಗಳನ್ನು ಎಣಿಸಿ. ದಾಂಡೇಲಿ, ಕಾಕನಕೋಟೆ ಕಡೆಯ ಕಾಡಿನ ಹಳೇ ತೇಗ ನಿಧಾನವಾಗಿ ಬೆಳೆದದ್ದು, ಬಳೆ ಒತ್ತೊತ್ತಾಗಿರುತ್ತದೆ. ಈಗ ಆಫ್ರಿಕಾ, ಲ್ಯಾಟಿನ್ ಅಮೆರಿಕದ ನೆಡುತೋಪುಗಳಿಂದ ಬರುವ ಎಳೆ ತೇಗದಲ್ಲಿ ಬಳೆ ಅಗಲ, ಬಿಳಿ ಭಾಗ ಹೆಚ್ಚು. ಇಂಥ ಮರದ ಕುರ್ಚಿಗೆ ನೂರು ವರ್ಷ ಎಂದರೆ ಅಲ್ಲಿಗೇ ಮಾತು ಮುಗಿಸಬಹುದು.

ಹಳೆಯದಾಗಿ ಕಾಣಿಸುವ ವಿದ್ಯೆಗಳು

ಪೊಟ್ಯಾಶಿಯಂ ಪರ್ಮಾಂಗನೇಟ್ ನೀರು ಬಳಿದರೆ ಮರ ಕೆಲವೇ ನಿಮಿಷದಲ್ಲಿ ಕಂದಾಗುತ್ತದೆ. ಕಬ್ಬಿಣದ ಚೂರನ್ನು ವಿನೆಗರಿನಲ್ಲಿ ನೆನೆಹಾಕಿ ಬಳಿದರೆ ಕಪ್ಪಾಗುತ್ತದೆ. ಸರಪಳಿಯಿಂದ ಬಡಿದು ಗಾಯ ಮಾಡುತ್ತಾರೆ, ಮೂಲೆಗಳಿಗೆ ಕಪ್ಪು ಬೂಟ್ ಪಾಲಿಶ್ ಒತ್ತುತ್ತಾರೆ. ಬೂಟ್ ಪಾಲಿಶ್ ಉಗುರಿಗೆ ಮೇಣವಾಗಿ ಬರುತ್ತದೆ. ಕಾಲದ ಕೊಳೆ ಕಲ್ಲಿನಂತೆ ಗಟ್ಟಿ, ಪುಡಿಯಾಗಿ ಉದುರುತ್ತದೆ. ಸರಪಳಿಯ ಗಾಯಗಳೆಲ್ಲ ಒಂದೇ ಆಳ, ಒಂದೇ ಬಣ್ಣ. ನಿಜವಾದ ಗಾಯಗಳು ಬೇರೆ ಬೇರೆ ದಶಕದವು, ಕೆಲವು ಪಾಲಿಶಿನ ಕೆಳಗೆ, ಕೆಲವು ಮೇಲೆ.

ಕಾಸ್ಟಿಕ್ ಸೋಡಾದ ತೊಟ್ಟಿಯಲ್ಲಿ ಅದ್ದುವುದು ಮಾತ್ರ ಬೇರೆಯೇ ಅನಾಹುತ. ಹಳೇ ಪೇಂಟ್ ತೆಗೆಯಲೆಂದು ನಿಜವಾದ ಹಳೇ ಸಾಮಾನಿಗೂ ಇದನ್ನೇ ಮಾಡುತ್ತಾರೆ. ಎಳೆಯ ನಡುವಿನ ಮೆತ್ತನೆ ಭಾಗ ಕರಗಿ ಮೈ ಒರಟಾಗುತ್ತದೆ, ವಜ್ರದ ಅಂಟು ಬಿಡುತ್ತದೆ, ಸರಿಯಾಗಿ ತೊಳೆಯದಿದ್ದರೆ ತಿಂಗಳುಗಟ್ಟಲೆ ಕೂಡಿಕೆಯಿಂದ ಬಿಳಿ ಪುಡಿ ಹೊರಬರುತ್ತಲೇ ಇರುತ್ತದೆ. ಅದರ ಮೇಲೆ ಹಾಕಿದ ಪಾಲಿಶ್ ನಿಲ್ಲುವುದಿಲ್ಲ.

ಬೀರು, ಡ್ರೆಸ್ಸಿಂಗ್ ಟೇಬಲ್ಲುಗಳಲ್ಲಿ ನಕಲಿಗಿಂತ ಕೂಡಾವಳಿಯೇ ಹೆಚ್ಚು: ಒಂದರ ತಲೆ, ಇನ್ನೊಂದರ ಬುಡ. ಹಿಂಭಾಗದ ಹಲಗೆಗಳ ಬಣ್ಣ, ಅಗಲ, ಎಳೆ ಮೇಲಿನಿಂದ ಕೆಳಗೆ ಒಂದೇ ಆಗಿದೆಯೇ ನೋಡಿದರೆ ಸಾಕು.

ಮೈಸೂರು ಇನ್‌ಲೇ ಕೆಲಸದ ಟೇಬಲ್ಲಿಗೆ ಬಂದರೆ ಕಾನೂನೂ ಜೊತೆಗೆ ಬರುತ್ತದೆ. ಅರಮನೆಯ ಅಂಬಾವಿಲಾಸದ ಬಾಗಿಲಿನಲ್ಲಿ ಕಾಣುವಂತೆ ಹಿಂದೆ ಬೀಟೆಯಲ್ಲಿ ದಂತ ಕೂರಿಸುತ್ತಿದ್ದರು. ಈಗಿನ ಕಸುಬುದಾರರು ಬೇರೆ ಬೇರೆ ಬಣ್ಣದ ಮರಗಳನ್ನು ಕೂರಿಸುತ್ತಾರೆ, ಕೆಲವು ಕಡೆ ಬಿಳಿ ಪ್ಲಾಸ್ಟಿಕ್. ದಂತದ ಅಡ್ಡಕೊಯ್ತದಲ್ಲಿ ಒಂದನ್ನೊಂದು ದಾಟುವ ಸೂಕ್ಷ್ಮ ಗೆರೆಗಳಿರುತ್ತವೆ, ಮೂಳೆಯಲ್ಲಿ ಸಣ್ಣ ಕಪ್ಪು ಚುಕ್ಕೆಗಳು, ಪ್ಲಾಸ್ಟಿಕ್ಕಿನಲ್ಲಿ ಏನೂ ಇಲ್ಲ. ಹಳೇ ಕೆಲಸದಲ್ಲಿ ಮರ ಕುಗ್ಗಿ ಕೂರಿಸಿದ ತುಂಡಿನ ಅಂಚು ಉಗುರಿಗೆ ತಗಲುತ್ತದೆ. ದಂತ ಎಂದು ಗೊತ್ತಾದರೆ ಕೊಳ್ಳಬೇಡಿ. ಎಷ್ಟೇ ಹಳೆಯದಾಗಿರಲಿ, ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ದಂತದ ವ್ಯಾಪಾರ ನಿಷಿದ್ಧ.

ಕೊಳ್ಳುವ ಮುನ್ನ, ಸಾಗಿಸುವ ಮುನ್ನ

ಬಿಲ್ಲಿನಲ್ಲಿ "ಆಂಟಿಕ್ ಸ್ಟೈಲ್" ಎಂದು ಬರೆದುಕೊಟ್ಟರೆ ಅದು ಹೊಸದು ಎಂದು ಅವರೇ ಒಪ್ಪಿಕೊಂಡಂತೆ. ಮರ ಯಾವುದು, ವಸ್ತು ಸುಮಾರು ಯಾವ ದಶಕದ್ದು, ಏನೇನು ಬದಲಿಸಲಾಗಿದೆ ಎಂಬ ಮೂರೂ ಬರಹದಲ್ಲಿ ಬೇಕೆಂದು ಕೇಳಿ. ಪ್ರಾಮಾಣಿಕ ವ್ಯಾಪಾರಿ ಬರೆದುಕೊಡುತ್ತಾರೆ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುತ್ತಾರೆ.

ಅಮೆರಿಕ, ಆಸ್ಟ್ರೇಲಿಯಾದಲ್ಲಿರುವ ನಮ್ಮವರು ಅಜ್ಜನ ಕುರ್ಚಿಯನ್ನು ಕಂಟೇನರಿಗೆ ಹಾಕುವ ಮುಂಚೆ ಎರಡು ಸಂಗತಿ ತಿಳಿದಿರಲಿ. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಕರಕುಶಲ ವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಸಾಗಿಸುವಂತಿಲ್ಲ. ಹಳೆಯದಾಗಿ ಕಾಣುವ ಯಾವುದಕ್ಕೇ ಆದರೂ, ಇದು ಪುರಾತನ ವಸ್ತುವಲ್ಲ ಎಂಬ ಪ್ರಮಾಣಪತ್ರವನ್ನು ಭಾರತೀಯ ಪುರಾತತ್ವ ಸರ್ವೇಕ್ಷಣೆಯಿಂದ ಪಡೆಯುವುದು ಕ್ಷೇಮ. ಬೀಟೆಗೆ ಇನ್ನೊಂದು ತಡೆಯಿದೆ. 2017ರ ಜನವರಿ 2ರಿಂದ ಅದರ ಕುಲದ ಮರಗಳೆಲ್ಲ ಅಳಿವಿನ ಭೀತಿಯ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದಡಿ ಇವೆ. 10 ಕಿಲೋವರೆಗಿನ ಸಿದ್ಧ ವಸ್ತುಗಳಿಗೆ ವಿನಾಯಿತಿ ಇದ್ದರೂ ಒಂದು ಬೀಟೆ ಕುರ್ಚಿ ಅದನ್ನು ಸುಲಭವಾಗಿ ದಾಟುತ್ತದೆ. ತೇಗಕ್ಕೆ ಈ ತಡೆ ಇಲ್ಲ.

ನೇರವಾಗಿ ಹೇಳಬೇಕೆಂದರೆ, ಚೆನ್ನಾಗಿ ಮಾಡಿದ ನಕಲಿನ ಬಗ್ಗೆ ನನಗೆ ತಕರಾರಿಲ್ಲ. ದಿನಾ ಕೂರಲು ಅದೇ ವಾಸಿ. ಹಳೇ ಜಂತೆಯ ತೇಗ ಒಲೆಗೆ ಹೋಗುವ ಬದಲು ಕುರ್ಚಿಯಾದರೆ ಮರಕ್ಕೂ ಮರ್ಯಾದೆ. ಮಾಡಿಸುವುದಾದರೆ ಬಡಗಿಗೆ ಹೀಗೆ ಹೇಳಿ: ಮರದ ತೇವ 12 ಶೇಕಡಾ ಒಳಗಿರಲಿ, ಮೀಟರ್ ಇಟ್ಟು ತೋರಿಸಲಿ. ಕೂಡಿಕೆಗೆ ಕಂಡಿ-ನಾಲಿಗೆ (ಒಂದರ ಕಂಡಿಯೊಳಗೆ ಇನ್ನೊಂದರ ತುದಿ ಕೂರುವಂಥದ್ದು) ಮತ್ತು ಆಣಿ, ಸ್ಕ್ರೂ ಬೇಡ. ತೇಗದಲ್ಲಿ ಎಣ್ಣೆಯ ಅಂಶ ಇರುವುದರಿಂದ ಅಂಟು ಹಚ್ಚುವ ಮುಂಚೆ ಕೂಡಿಕೆಯ ಮೈಯನ್ನು ಅಸಿಟೋನಿನಲ್ಲಿ ಒರೆಸಲಿ, ಇಲ್ಲದಿದ್ದರೆ ಎರಡೇ ವರ್ಷದಲ್ಲಿ ಕಳಚುತ್ತದೆ. ಬೆತ್ತಕ್ಕೆ ತೋಡು ಬೇಡ, ತೂತೇ ಕೊರೆಯಲಿ. ಮುಗಿದ ಮೇಲೆ ಸೀಟಿನ ಅಡಿಯಲ್ಲಿ ಉಳಿಯಿಂದ ಇಸವಿ ಕೆತ್ತಿಸಿ. ಐವತ್ತು ವರ್ಷದ ನಂತರ ಯಾರೂ ಅದನ್ನು ಬ್ರಿಟಿಷರ ಕಾಲದ್ದೆಂದು ಮಾರಬಾರದು.

ನಿಜವಾದ ಹಳೇ ಕುರ್ಚಿ ಕೈಗೆ ಬಂದರೆ ದಯವಿಟ್ಟು ಪಾಲಿಶ್ ಅಂಗಡಿಗೆ ಒಯ್ಯಬೇಡಿ. ಒಂದು ಮಧ್ಯಾಹ್ನದ ಸ್ಯಾಂಡಿಂಗ್ ಮತ್ತು ಪಿಯು ಸಾಕು, ಮೇಲೆ ಹೇಳಿದ ಅಷ್ಟೂ ಸಾಕ್ಷಿ ಧೂಳಾಗಿ ಹೋಗುತ್ತದೆ. ಮೊದಲು ಒಣ ಬ್ರಶ್. ಆಮೇಲೆ 1 ಲೀಟರ್ ಉಗುರುಬೆಚ್ಚಗಿನ ನೀರಿಗೆ 1 ಚಮಚ ಸೌಮ್ಯ ಸೋಪು, ಬಟ್ಟೆಯನ್ನು ಗಟ್ಟಿಯಾಗಿ ಹಿಂಡಿ ಒರೆಸಿ ತಕ್ಷಣ ಒಣಬಟ್ಟೆಯಲ್ಲಿ ಒತ್ತಿ. ಎರಡು ದಿನ ನೆರಳಲ್ಲಿ ಬಿಡಿ. ಪಾಲಿಶ್ ಪೂರ್ತಿ ಹೋದ ಕಡೆ ಮಾತ್ರ, 1 ಲೀಟರ್ ಸ್ಪಿರಿಟ್ಟಿಗೆ 120 ಗ್ರಾಂ ಚಪ್ಪಡಾ (ಚಕ್ಕೆ) ಅರಗು ಕರಗಿಸಿ ಸೋಸಿ, ತೆಳುವಾಗಿ ಮೂರು ನಾಲ್ಕು ಕೈ. ಮಳೆಯ ದಿನ ಹಚ್ಚಿದರೆ ಬೆಳ್ಳಗೆ ಮಂಜು ಕಟ್ಟುತ್ತದೆ, ಬಿಸಿಲಿಗೆ ಕಾಯಿರಿ. ಕೊನೆಗೆ 100 ಗ್ರಾಂ ಜೇನುಮೇಣಕ್ಕೆ 300 ಗ್ರಾಂ ಟರ್ಪೆಂಟೈನ್. ಮೇಣವನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿ, ಒಲೆ ಆರಿಸಿ ದೂರ ತಂದ ಮೇಲಷ್ಟೇ ಟರ್ಪೆಂಟೈನ್ ಬೆರೆಸಿ. ಬೆರಳ ತುದಿಯಷ್ಟು ತೆಗೆದು ಒಂದು ಕೈಹಲಗೆಗೆ ಹಚ್ಚಿ, ಹದಿನೈದು ನಿಮಿಷ ಬಿಟ್ಟು ಹತ್ತಿಬಟ್ಟೆಯಲ್ಲಿ ತಿಕ್ಕಿ. ಬಟ್ಟೆ ಜಾರತೊಡಗಿದರೆ ಸಾಕಾಯಿತು. ಅಂಟುತ್ತಿದ್ದರೆ ಮೇಣ ಹೆಚ್ಚಾಗಿದೆ. ಅಡಿಭಾಗಕ್ಕೆ ಏನನ್ನೂ ಹಚ್ಚಬೇಡಿ.